ಶಿವಮೊಗ್ಗದ ದಸರೆ: ಒಡಪಿಗೆ ಹೊತ್ತಿಲ್ಲದ ರಾತ್ರಿ

ಅಷ್ಟಮಿ

ಮೈಸೂರಿನಲ್ಲಿ ಮನೆ ಮಾಡಿಕೊಂಡವನು ದಸರೆ ನೋಡಲು ಶಿವಮೊಗ್ಗಕ್ಕೆ ಹೊರಟರೆ ಕಚೇರಿಯಲ್ಲಿ ನಗುತ್ತಾರೆ. ನಗಲಿ. ಮೈಸೂರಿನ ಜಂಬೂಸವಾರಿಯನ್ನು ನಾನು ಬಹಳ ವರ್ಷ ನೋಡಿದ್ದೇನೆ. ನೋಡಿದ್ದೇನೆ ಎಂದರೆ, ಮುಂದೆ ನಿಂತವರ ಹೆಗಲೇರಿದ ಮಕ್ಕಳ ಬೆನ್ನು ನೋಡಿದ್ದೇನೆ. ಶಿವಮೊಗ್ಗದ ದಸರೆಗೆ ಪಾಸು ಹಿಡಿದು ಓಡಾಡಬೇಕಿಲ್ಲ. ಜೊತೆಗೆ ದುರ್ಗಿಗುಡಿಯಲ್ಲಿ ನನ್ನ ಸೋದರತ್ತೆಯ ಮನೆ ಇದೆ, ಅಲ್ಲಿ ಬೆಳಗ್ಗೆ ಕಡುಬು ಸಿಗುತ್ತದೆ.

ರೈಲು ಭದ್ರಾವತಿ ದಾಟುವ ಹೊತ್ತಿಗೆ ಮಳೆ ಹನಿಯುತ್ತಿತ್ತು. ಮಲೆನಾಡಿನಲ್ಲಿ ನವರಾತ್ರಿಯ ಮಳೆಗೆ ಯಾರೂ ಬೇಸರಪಡುವುದಿಲ್ಲ. ಗದ್ದೆಯಲ್ಲಿ ಭತ್ತ ಹೊಡೆ ತುಂಬುವ ಕಾಲ.

ಅತ್ತೆ ನಿವೃತ್ತ ಕನ್ನಡ ಶಿಕ್ಷಕಿ. ನಾನು ಚೀಲ ಇಳಿಸುವ ಮೊದಲೇ ದಸರೆಯ ಆಮಂತ್ರಣ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದರು. ಬಿಡಿಸಿದಷ್ಟೂ ಬಿಚ್ಚಿಕೊಳ್ಳುವ ಪತ್ರಿಕೆ. ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ಹೆಸರುಗಳು ಪುಟದಿಂದ ಪುಟಕ್ಕೆ ಇಳಿದುಕೊಂಡು ಹೋಗಿದ್ದವು. ತೀರಾ ಕೆಳಗೆ, ಕನ್ನಡಕ ಹಾಕಿಕೊಂಡು ಹುಡುಕಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ‘ಸ್ಥಳೀಯ ಕಲಾವಿದರಿಂದ ಜಾನಪದ ಕಾರ್ಯಕ್ರಮ’. ಅತ್ತೆ ಆ ಸಾಲುಗಳಿಗೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು.

“ಹೆಸರು ಹಾಕದವರ ಕಾರ್ಯಕ್ರಮಗಳಿಗೆ ಮಾತ್ರ ಹೋಗೋಣ. ಉಳಿದವರನ್ನು ಪತ್ರಿಕೆಯಲ್ಲೇ ನೋಡಿಯಾಯಿತಲ್ಲ,” ಎಂದರು.

ಶಿವಮೊಗ್ಗದಲ್ಲಿ ದಸರೆಯನ್ನು ವಿಷಯವಾರು ಹಂಚಿಬಿಟ್ಟಿದ್ದಾರೆ. ರಂಗ ದಸರಾ, ಯುವ ದಸರಾ, ಮಹಿಳಾ ದಸರಾ, ಮಕ್ಕಳ ದಸರಾ, ರೈತ ದಸರಾ, ಆಹಾರ ದಸರಾ, ಪರಿಸರ ದಸರಾ. ದೇವಿಗೆ ಒಂಬತ್ತು ಅವತಾರ, ಹಬ್ಬಕ್ಕೆ ಇಷ್ಟೊಂದು ಇಲಾಖೆ ಎಂಬುದು ಅತ್ತೆಯ ತಕರಾರು. ಆದರೂ ಆ ಸಂಜೆ ತಾವೇ ನನ್ನನ್ನು ತಿಂಡಿ ಮಳಿಗೆಗಳ ಕಡೆಗೆ ಕರೆದುಕೊಂಡು ಹೋದರು.

ಗೋಬಿ ಮಂಚೂರಿಯ ಹೊಗೆ ದಾಟಿದ ಮೇಲೆ ಕೊನೆಯ ಮಳಿಗೆಯಲ್ಲಿ ಸಾಗರದ ಕಡೆಯ ಹೆಂಗಸೊಬ್ಬರು ಬೋರಲು ಹಾಕಿದ ಮಡಕೆಯ ಮುಂದೆ ಕುಳಿತಿದ್ದರು. ಕೆಳಗೆ ಸಣ್ಣ ಉರಿ. ಅಕ್ಕಿಹಿಟ್ಟು, ಬೆಲ್ಲ ಕಲಸಿದ ನೀರು ಹಿಟ್ಟಿನಲ್ಲಿ ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದ್ದಿ ಮಡಕೆಯ ಬೆನ್ನಿಗೆ ಒಂದು ಸಲ ತೊಡೆಯುತ್ತಿದ್ದರು. ಬೆಂದದ್ದು ಕಣ್ಣಿಗೆ ಕಾಣುವುದೂ ಅಂಚು ಬಿಡಿಸುವುದೂ ತ್ರಿಕೋನವಾಗಿ ಮಡಚುವುದೂ ಒಂದೇ ಉಸಿರಿನಲ್ಲಿ ಮುಗಿಯಬೇಕು. ತಡವಾದರೆ ಕೈಗೆ ಬರುವುದು ಪುಡಿ. ತೊಡೆದೇವು ಎಂದರೆ ಇದೇ. ಸುತ್ತ ನಿಂತವರಲ್ಲಿ ಅರ್ಧ ಜನ ಕೊಳ್ಳಲು ಬಂದವರಲ್ಲ, ನೋಡಲು ಬಂದವರು. ಹುಡುಗನೊಬ್ಬ ಬೇಗ ಬೇಗ ಮಾಡಿ ಎಂದು ಅವಸರಪಡಿಸಿದ. ಅವರು ತಲೆಯೆತ್ತದೆ, “ಮಡಕೆ ಬಿಟ್ಟಾಗ ತೆಗೆಯುವುದು ತಮ್ಮಾ, ನೀನು ಕೇಳಿದಾಗ ಅಲ್ಲ,” ಎಂದರು. ಈ ಹಬ್ಬದಲ್ಲಿ ತನ್ನ ಹೊತ್ತನ್ನು ತಾನೇ ನಿರ್ಧರಿಸಿದ ಕಲಾವಿದೆ ಎಂದರೆ ಇವರೇ ಎಂದು ನನಗೆ ಹೊಳೆದದ್ದು ಮರುದಿನ ರಾತ್ರಿ.

ನವಮಿ

ಬೆಳಗ್ಗೆ ಬೀದಿಯಲ್ಲಿದ್ದ ಸಕಲ ಚಕ್ರಗಳಿಗೂ ಪೂಜೆ. ಆಟೋಗಳು ಬಾಳೆಕಂದು ಕಟ್ಟಿಕೊಂಡು, ಬಸ್ಸುಗಳು ಮೂಗಿನವರೆಗೆ ಚೆಂಡುಹೂ ಹೊದ್ದುಕೊಂಡು ನಿಂತಿದ್ದವು. ಗಾಂಧಿಬಜಾರಿನಲ್ಲಿ ಸೇವಂತಿಗೆ ಮಾರಿನ ಬೆಲೆ ಕೇಳಿ ಅತ್ತೆ ಮೊಳಕ್ಕೆ ಇಳಿದರು.

ಮಧ್ಯಾಹ್ನ ಕೋಟೆಯ ಅರಮನೆಗೆ ಹೋದೆವು. ತುಂಗೆಯ ದಡದ ಈ ಕಟ್ಟಡಕ್ಕೆ ಹೆಸರು ಹದಿನೇಳನೆಯ ಶತಮಾನದ ಕೆಳದಿಯ ಅರಸ ಶಿವಪ್ಪನಾಯಕನದು. ಕಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ, ಹೈದರಾಲಿಯ ಕಾಲದಲ್ಲಿ ಎನ್ನುತ್ತಾರೆ. ದರ್ಬಾರು ಸಭಾಂಗಣದ ಮರದ ಕಂಬಗಳನ್ನು ಅಪ್ಪಿಕೊಳ್ಳಲು ನನ್ನ ತೋಳು ಸಾಲುವುದಿಲ್ಲ. ಹೊರಗಿನ ಅಂಗಳದಲ್ಲಿ ಜಿಲ್ಲೆಯ ಮೂಲೆಮೂಲೆಗಳಿಂದ ತಂದಿಟ್ಟ ವೀರಗಲ್ಲುಗಳು, ಹೊಯ್ಸಳ ಕಾಲದ ಶಿಲ್ಪಗಳು ಮಳೆಗೆ ತೊಯ್ದು ನಿಂತಿದ್ದವು. ಶಿವಪ್ಪನಾಯಕನನ್ನು ಮಲೆನಾಡಿನವರು ನೆನೆಯುವುದು ಯುದ್ಧಕ್ಕಿಂತ ಹೆಚ್ಚಾಗಿ ‘ಶಿಸ್ತಿ’ಗಾಗಿ. ಮಣ್ಣಿನ ಗುಣ, ಬೆಳೆ ನೋಡಿ ಕಂದಾಯ ಗೊತ್ತುಮಾಡಿದವನು. ಅವನನ್ನು ನೆನೆಯುವ ಊರಿನಲ್ಲಿ ಸಂಜೆ ಆರೂವರೆಯ ಕಾರ್ಯಕ್ರಮ ಎಷ್ಟು ಗಂಟೆಗೆ ಶುರುವಾಗುತ್ತದೆ ನೋಡು ಎಂದು ಅತ್ತೆ ಅಲ್ಲೇ ಎಚ್ಚರಿಸಿದ್ದರು.

ಆರೂವರೆಗೆ ನಾವು ಒಂದು ವೇದಿಕೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದೆವು. ಯಾವ ವೇದಿಕೆ ಎಂದು ಹೇಳುವುದಿಲ್ಲ. ಕರ್ನಾಟಕದ ಯಾವ ಊರಿನ ಯಾವ ಉತ್ಸವಕ್ಕೂ ಹೊಂದುವ ವೇದಿಕೆ ಅದು. ಏಳಕ್ಕೆ ಸ್ವಾಗತ. ನಂತರ ದೀಪ, ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲು ಹೊದಿಸುವಾಗ ಛಾಯಾಗ್ರಾಹಕರು ಸಾಲದೆಂದು ಮತ್ತೆ ಹೊದಿಸಿದರು. ಒಬ್ಬರು ಎರಡೇ ಮಾತು ಹೇಳುವುದಾಗಿ ಎದ್ದರು. ಅವರು ಕುಳಿತುಕೊಳ್ಳುವಷ್ಟರಲ್ಲಿ ಅತ್ತೆ ಚಕ್ಕುಲಿಯ ಡಬ್ಬಿಯನ್ನು ಅರ್ಧ ಖಾಲಿ ಮಾಡಿದ್ದರು. ಎಲ್ಲರೂ ಕಲೆಯನ್ನು ಉಳಿಸಬೇಕು ಎಂದರು. ಉಳಿಸಬೇಕಾದ ಕಲೆ ವೇದಿಕೆಯ ಪಕ್ಕದ ಮೆಟ್ಟಿಲಿನಲ್ಲಿ, ಪೂರ್ತಿ ವೇಷ ಕಟ್ಟಿಕೊಂಡು, ಬೆವರೊರೆಸಿಕೊಳ್ಳಲೂ ಆಗದೆ ನಿಂತಿತ್ತು.

ವೀರಗಾಸೆಯ ತಂಡ. ತಲೆಗೆ ಬಿಳಿಯ ಚಾಮರದ ಜಟೆ, ಕೊರಳಿಗೆ ರುದ್ರಾಕ್ಷಿ, ಸೊಂಟದ ಸುತ್ತ ಆಭರಣ, ಕೈಯಲ್ಲಿ ಕತ್ತಿ. ಸಭೆ ಮುಗಿದು ಅವರ ಸರದಿ ಬರುವ ಹೊತ್ತಿಗೆ ಎಂಟು ದಾಟಿತ್ತು. ನಿರೂಪಕರು ಧ್ವನಿವರ್ಧಕದಲ್ಲೇ ಹೇಳಿದರು: “ಸಮಯದ ಅಭಾವ ಇರುವುದರಿಂದ ಹತ್ತು ನಿಮಿಷದಲ್ಲಿ ಮುಗಿಸಿಕೊಡಬೇಕು.”

ವೀರಗಾಸೆಯಲ್ಲಿ ಕುಣಿತಕ್ಕೆ ಎಷ್ಟು ಬೆಲೆಯೋ ಒಡಪಿಗೂ ಅಷ್ಟೇ ಬೆಲೆ. ವಾದ್ಯ ನಿಲ್ಲುತ್ತದೆ, ಮುಂದಾಳು ಕತ್ತಿ ಎತ್ತಿ ದಕ್ಷಯಜ್ಞದ ಕಥೆಯನ್ನು ಗದ್ಯವೂ ಅಲ್ಲದ ಪದ್ಯವೂ ಅಲ್ಲದ ಒಂದು ಓಟದಲ್ಲಿ ಹೇಳುತ್ತಾನೆ. ಕರೆಯದ ಯಜ್ಞಕ್ಕೆ ಹೋದ ಮಗಳು, ಸಭೆಯಲ್ಲಿ ಆದ ಅವಮಾನ, ಬೆಂಕಿ, ಶಿವನ ಜಟೆಯಿಂದ ಎದ್ದ ವೀರಭದ್ರ. ಆ ಕಥೆ ಕೇಳಿದ ಮೇಲೆ ಬೀಳುವ ಹೆಜ್ಜೆಗೆ ಕೋಪದ ಕಾರಣ ಇರುತ್ತದೆ. ಈ ರಾತ್ರಿ ಮುಂದಾಳು ಬಾಯಿ ತೆರೆದು ಎರಡು ಸಾಲು ಹೇಳಿದನೋ ಇಲ್ಲವೋ, ಪಕ್ಕದಿಂದ ಯಾರೋ ಕೈಸನ್ನೆ ಮಾಡಿದರು. ಒಡಪು ನಿಂತಿತು, ಕರಡೆ ಬಾರಿಸಿತು, ಕುಣಿತ ಮಾತ್ರ ಉಳಿಯಿತು. ಚಪ್ಪಾಳೆ ಜೋರಾಗಿಯೇ ಬಿತ್ತು. ಮೊಬೈಲುಗಳಿಗೆ ಬೇಕಾದದ್ದೂ ಆ ಕುಣಿತವೇ.

ಹೊರಗೆ ಬರುವಾಗ ಅತ್ತೆ, “ಕತ್ತರಿ ಯಾವಾಗಲೂ ಮಾತಿನ ಮೇಲೆಯೇ ಮೊದಲು ಬೀಳುತ್ತದೆ ನೋಡು,” ಎಂದರು. ನಾನು ಆಗ ಒಪ್ಪಿದೆ. ರಾತ್ರಿ ಪೂರ್ತಿ ಆ ಮಾತನ್ನು ತಿರುಗಿಸಿ ನೋಡುತ್ತಲೂ ಇದ್ದೆ.

ಅಲ್ಲಿಂದ ಕೋಟೆಯ ಕಡೆಗೆ ನಡೆದೆವು. ದೇವಸ್ಥಾನದ ಪಕ್ಕದ ಚಿಕ್ಕ ಸಭಾಂಗಣವೊಂದರಲ್ಲಿ ಗಮಕ ವಾಚನ, ಎಂದರೆ ಕಾವ್ಯವನ್ನು ರಾಗದಲ್ಲಿ ಓದಿ ಅರ್ಥ ಹೇಳುವುದು, ನಡೆಯುತ್ತಿತ್ತು. ಚಾಪೆಯ ಮೇಲೆ ಇಪ್ಪತ್ತು ಮಂದಿ ಇದ್ದರೆ ಹೆಚ್ಚು. ಅವರಲ್ಲಿ ಇಬ್ಬರು ನಿದ್ದೆಯಲ್ಲಿದ್ದರು. ಶಿವಮೊಗ್ಗದ ಗಮಕದ ಬೇರು ದೂರದಲ್ಲೇನೂ ಇಲ್ಲ. ಊರಿನಿಂದ ಹತ್ತು ಕಿಲೋಮೀಟರಿನೊಳಗೆ ತುಂಗೆಯ ಎರಡು ದಡದಲ್ಲಿ ಮತ್ತೂರು ಮತ್ತು ಹೊಸಹಳ್ಳಿ ಇವೆ. ಮತ್ತೂರನ್ನು ಸಂಸ್ಕೃತಕ್ಕಾಗಿ ದೇಶವೇ ಬಲ್ಲದು. ಹೊಸಹಳ್ಳಿಯನ್ನು ಕಾವ್ಯ ಕೇಳುವವರು ಬಲ್ಲರು. ಅಲ್ಲಿನ ಹೆಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಗಮಕ ಎಂದರೇನು ಎಂದು ದೊಡ್ಡ ಪತ್ರಿಕೆಗಳೂ ವಿವರಿಸಿ ಬರೆಯಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು.

ಆ ರಾತ್ರಿಯ ಭಾಗ ಕುಮಾರವ್ಯಾಸನ ವಿರಾಟಪರ್ವ. ಅಂತಃಪುರದ ಹೆಂಗಸರ ಮುಂದೆ ಕೌರವರನ್ನೆಲ್ಲ ಬಡಿದು ಹಾಕುವೆನೆಂದ ಉತ್ತರಕುಮಾರ ರಣರಂಗದಲ್ಲಿ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡುತ್ತಾನೆ. ಬೃಹನ್ನಳೆಯ ವೇಷದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾನೆ. ಗಮಕಿ ಯುವತಿ. ಭಾಮಿನಿಯ ಒಂದು ಪದ್ಯವನ್ನು ಮೊದಲು ನೇರವಾಗಿ ಓದಿ, ಮತ್ತೆ ರಾಗದಲ್ಲಿ ಬಿಡಿಸಿ, ಓಟಕ್ಕೆ ಸರಿಯಾಗಿ ಪದಗಳನ್ನು ಒಡೆದು ಒಡೆದು ಹಾಡಿದರು. ವ್ಯಾಖ್ಯಾನಕಾರರು ಹಲ್ಲಿಲ್ಲದ ಬಾಯಲ್ಲಿ ನಗುತ್ತಾ, ಸಂಜೆಯ ಸಭೆಯನ್ನು ಅವರೂ ನೋಡಿ ಬಂದಿದ್ದರೇನೋ, “ವೇದಿಕೆಯ ಮೇಲೆ ಪೌರುಷ ಹೇಳುವುದಕ್ಕೆ ಖರ್ಚಿಲ್ಲ,” ಎಂದರು. ಚಾಪೆಯ ಮೇಲಿದ್ದವರೆಲ್ಲ ನಕ್ಕರು. ನಿದ್ದೆ ಹೋಗಿದ್ದ ಒಬ್ಬರೂ ಎದ್ದು ನಕ್ಕರು.

ಇಲ್ಲಿ ಕತ್ತರಿಗೆ ಏನೂ ಸಿಗುವುದಿಲ್ಲ. ಗಮಕದಲ್ಲಿ ಇರುವುದೆಲ್ಲ ಮಾತೇ. ಮಾತನ್ನು ತೆಗೆದರೆ ಶ್ರುತಿಪೆಟ್ಟಿಗೆಯೊಂದೇ ಉಳಿಯುತ್ತದೆ. ಹಾಗಾಗಿ ಅದನ್ನು ಯಾರೂ ಹತ್ತು ನಿಮಿಷಕ್ಕೆ ಇಳಿಸುವ ಗೋಜಿಗೆ ಹೋಗಿಲ್ಲ, ದೊಡ್ಡ ವೇದಿಕೆಗೆ ಕರೆಯುವ ಗೋಜಿಗೂ ಹೋಗಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಆ ಗಮಕಿಯನ್ನೇ ಕೇಳಬೇಕಿತ್ತು. ಅವರು ಭಾಗ ಮುಗಿಸಿ ಮಗುವನ್ನು ಎತ್ತಿಕೊಂಡು ಸ್ಕೂಟರ್ ಹತ್ತಿ ಹೊರಟೇಬಿಟ್ಟರು.

ಹತ್ತು ಗಂಟೆಯ ಹೊತ್ತಿಗೆ ನಗರಕ್ಕೆ ಇನ್ನೊಂದು ಕಳೆ. ದೀಪದ ಸರಗಳ ಕೆಳಗೆ ಇಡೀ ಜಿಲ್ಲೆಯೇ ಹೊಸ ಬಟ್ಟೆ ಹಾಕಿಕೊಂಡು ನಡೆಯುತ್ತಿತ್ತು. ಒಂದು ಕಡೆಯಿಂದ ಯುವಕರ ವಾದ್ಯಗೋಷ್ಠಿಯ ಚಿತ್ರಗೀತೆ ಎದೆಗೂಡಿಗೇ ಬಡಿಯುತ್ತಿತ್ತು. ಕುವೆಂಪು ರಂಗಮಂದಿರದಿಂದ ನಾಟಕ ಬಿಟ್ಟು ಬಂದವರು ಬಾಗಿಲ ಬಳಿಯೇ ನಿಂತು ಬೆಳಕಿನ ವಿನ್ಯಾಸದ ಬಗ್ಗೆ ಜಗಳವಾಡುತ್ತಿದ್ದರು. ನಾವು ಗಾಡಿಯೊಂದರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದೆವು. ಅತ್ತೆ ನನ್ನ ಬೋಂಡದ ಮೇಲಿನ ಹಿಟ್ಟು ಮಾತ್ರ ತಿಂದು ಮೆಣಸಿನಕಾಯಿಯನ್ನು ನನಗೇ ಬಿಟ್ಟರು.

ಅಲ್ಲಿಂದ ಯಕ್ಷಗಾನಕ್ಕೆ ಹೋಗುವ ದಾರಿಯ ಅಡ್ಡರಸ್ತೆಯೊಂದರಲ್ಲಿ ಡೊಳ್ಳು ಕೇಳಿಸಿತು. ಹತ್ತಿರ ಹೋದರೆ ಹೆಂಗಸರ ತಂಡ. ವೇದಿಕೆಯ ಮೇಲೆ ಅವರಿಗೂ ಸಿಕ್ಕಿದ್ದು ಹತ್ತೇ ನಿಮಿಷವಂತೆ. ಊರಿಗೆ ಕರೆದೊಯ್ಯಬೇಕಿದ್ದ ಟೆಂಪೊ ಜನದಟ್ಟಣೆಯಲ್ಲಿ ಸಿಕ್ಕಿಕೊಂಡು ಬಂದಿರಲಿಲ್ಲ. ಕಾಯುವ ಹೊತ್ತಿನಲ್ಲಿ ಯಾರೋ ಒಬ್ಬಳು ಸುಮ್ಮನೆ ಬಾರಿಸಿದಳು, ಇನ್ನೊಬ್ಬಳು ಉತ್ತರ ಕೊಟ್ಟಳು, ಅಷ್ಟರಲ್ಲಿ ಉಳಿದವರ ಸೊಂಟಕ್ಕೂ ಡೊಳ್ಳು ಏರಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಯ ಅಂಗೈ. ವೇದಿಕೆ ಇಲ್ಲ, ಬಣ್ಣದ ದೀಪವಿಲ್ಲ, ಎರಡು ಕಡೆಯ ಅಂಗಡಿಗಳ ಬಾಗಿಲು ಹಾಕಿತ್ತು. ಸದ್ದು ಷಟರುಗಳಿಗೆ ಬಡಿದು ಇಮ್ಮಡಿಯಾಗಿ ವಾಪಸು ಬರುತ್ತಿತ್ತು. ಸುತ್ತು ಕಟ್ಟಿ, ಸುತ್ತು ಒಡೆದು, ಎರಡು ಸಾಲಾಗಿ, ಮತ್ತೆ ಕೂಡಿ ಅರ್ಧ ಗಂಟೆಗೂ ಹೆಚ್ಚು ಬಾರಿಸಿದರು. ಮೇಲಿನ ಮನೆಯವರು ಕಿಟಕಿ ತೆರೆದರು, ಬೈಯಲಿಲ್ಲ. ಒಂದು ಕೊಡ ನೀರು, ಲೋಟ ತಂದಿಟ್ಟರು.

ಅವರಿಗೆ ಕಲಿಸಿದ ಹಿರಿಯರು ಜಗಲಿಯೊಂದರ ಮೇಲೆ ಕುಳಿತು ತಾಳ ಹಿಡಿದಿದ್ದರು. ಡೊಳ್ಳು ಹಾಲುಮತದವರ, ಬೀರಲಿಂಗೇಶ್ವರನ ಗುಡಿಯ ವಾದ್ಯ. “ಗುಡಿಯ ಮುಂದೆ ಗಂಡಸರೇ ಬಾರಿಸುವುದು. ನನ್ನ ಅಪ್ಪನಿಗೆ ಹೆಣ್ಣುಮಕ್ಕಳ ಸೊಂಟಕ್ಕೆ ಡೊಳ್ಳು ಕಟ್ಟುತ್ತೇನೆ ಎಂದಿದ್ದರೆ ಮನೆಯಿಂದ ಹೊರಗೆ ಹಾಕುತ್ತಿದ್ದ. ಉತ್ಸವಗಳಿಗೆ ಮಹಿಳಾ ತಂಡ ಬೇಕು ಎಂದು ಕೇಳಿದರು, ಆ ನೆಪದಲ್ಲಿ ಕಲಿಸಿದೆ. ಈಗ ನೋಡಿ,” ಎಂದು ಅವರು ಗಲ್ಲವನ್ನು ರಸ್ತೆಯ ಕಡೆಗೆ ಎತ್ತಿದರು.

ಅತ್ತೆಯ ಕತ್ತರಿಯ ಮಾತು ನನಗೆ ಕುಂಟತೊಡಗಿದ್ದು ಅಲ್ಲಿಯೇ. ಒಡಪನ್ನು ನುಂಗಿದ ವೇದಿಕೆಯೇ ಈ ಹೆಂಗಸರ ಕೈಗೆ ಕೋಲನ್ನೂ ಕೊಟ್ಟಿದೆ. ವೇದಿಕೆ ಹತ್ತೇ ನಿಮಿಷ ಕೊಡುವುದು ನಿಜ. ಆದರೆ ಆ ಹತ್ತು ನಿಮಿಷದ ಹೆಸರಿನಲ್ಲಿ ಅವರು ವರ್ಷವಿಡೀ ಸಂಜೆ ಶಾಲೆಯ ಅಂಗಳದಲ್ಲಿ ಬಾರಿಸಿರುತ್ತಾರೆ, ರಾತ್ರಿ ಮನೆಯಿಂದ ದೂರದ ಊರಿಗೆ ಒಟ್ಟಾಗಿ ಹೊರಟಿರುತ್ತಾರೆ. ಇದನ್ನು ಅತ್ತೆಗೆ ಹೇಳಿದೆ. “ಹತ್ತು ನಿಮಿಷ ಕೊಟ್ಟವರಿಗೆ ಅದರ ಪುಣ್ಯ ಹೋಗಬಾರದು. ಟೆಂಪೊ ಡ್ರೈವರನಿಗೆ ಹೋಗಲಿ,” ಎಂದರು. ವಾದದಲ್ಲಿ ನಿವೃತ್ತ ಶಿಕ್ಷಕಿಯರನ್ನು ಸೋಲಿಸಲಾಗುವುದಿಲ್ಲ.

ಯಕ್ಷಗಾನ ಬಡಗುತಿಟ್ಟಿನದು, ಕಾಲಮಿತಿಯದು. ಬೆಳಗಿನವರೆಗೆ ಆಡುತ್ತಿದ್ದ ಆಟವನ್ನು ಮೂರು ಗಂಟೆಗೆ ಇಳಿಸುವ ಈ ಪದ್ಧತಿ ಈಗ ಊರುಗಳಲ್ಲೂ ರೂಢಿಯಾಗಿದೆ. ಮೊದಲಿಗೆ ಹೋಗಿದ್ದು ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲವೂ. ಹೊಸಬರು ಹೆಜ್ಜೆ ಕಲಿಯುತ್ತಿದ್ದ ಜಾಗವೇ ಅದು. ಅವರೀಗ ಎಲ್ಲಿ ಕಲಿಯುತ್ತಾರೋ. ಪ್ರಸಂಗ ಕರ್ಣಾರ್ಜುನ. ಕೇದಗೆ ಮುಂದಲೆಯ ಅರ್ಜುನ ಕುಣಿತದಲ್ಲಿ ಗೆದ್ದ. ಕರ್ಣ ಮಾತಿನಲ್ಲಿ ಗೆದ್ದ. ರಥದ ಗಾಲಿ ನೆಲದಲ್ಲಿ ಹೂತ ಹೊತ್ತಿನಲ್ಲಿ ಕರ್ಣನ ಪಾತ್ರಧಾರಿ ಅರ್ಥ ಹೇಳಲು ನಿಂತರು. ಭಾಗವತರು ಒಮ್ಮೆ ಗಡಿಯಾರ ನೋಡಿದ್ದನ್ನು ನಾನು ಕಂಡೆ. ಆಮೇಲೆ ಅವರು ತಾಳವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಕರ್ಣ ಹದಿನೈದು ನಿಮಿಷ ಮಾತಾಡಿದ: ಕುಂತಿಯ ಬಗ್ಗೆ, ಉಂಡ ಅನ್ನದ ಬಗ್ಗೆ, ಶಲ್ಯನ ಬಗ್ಗೆ. ಹಿಂದಿನ ಸಾಲಿನಲ್ಲಿ ಹೊರಡಲು ಎದ್ದಿದ್ದ ಮುದುಕರೊಬ್ಬರು ನಿಂತಲ್ಲೇ ನಿಂತರು, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು.

ಆಟ ಮುಗಿದ ಮೇಲೆ ಅತ್ತೆ ನನ್ನನ್ನು ಚೌಕಿಗೆ, ಎಂದರೆ ವೇಷ ಕಟ್ಟುವ ಬಣ್ಣದ ಮನೆಗೆ, ಎಳೆದುಕೊಂಡು ಹೋದರು. ಕರ್ಣ ಪೆಟ್ಟಿಗೆಯ ಮೇಲೆ ಕುಳಿತು ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಅರ್ಧ ಮುಖ ರಾಜ, ಅರ್ಧ ಮುಖ ಅಡಿಕೆ ಬೆಳೆಗಾರ. ಹೊತ್ತು ಮೀರಿತಲ್ಲ ಎಂದು ಅತ್ತೆ ಕೇಳಿದರು. “ಯುದ್ಧದ ಕುಣಿತದಲ್ಲಿ ಉಳಿಸಿಕೊಂಡೆವು ಅಮ್ಮಾ. ಕುಣಿದರೆ ನನಗೂ ಮಂಡಿನೋವು,” ಎಂದರು. ಅತ್ತೆಯ ಮುಖ ಅರಳಿತು. ಕತ್ತರಿ ಮಾತನ್ನು ಬಿಟ್ಟು ಕುಣಿತದ ಮೇಲೆ ಬಿದ್ದ ಉದಾಹರಣೆ ಅವರಿಗೆ ಆ ರಾತ್ರಿ ಸಿಕ್ಕಿದ್ದು ಇದೊಂದೇ.

ಎರಡು ಗಂಟೆಗೆ ಮನೆಯ ಕಡೆ ನಡೆದೆವು. ಆಯುಧಪೂಜೆಗೆ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಬಳಿದುಕೊಂಡು ರಸ್ತೆಯುದ್ದಕ್ಕೂ ಬಿದ್ದಿದ್ದವು. ದೃಷ್ಟಿ ತೆಗೆಯುವ ಕುಂಬಳದಿಂದ ಎಷ್ಟು ಬೈಕುಗಳು ಜಾರುತ್ತವೆ ಎಂದು ಯಾರಾದರೂ ಲೆಕ್ಕ ಇಡಬೇಕು. ಅತ್ತೆ ಛತ್ರಿಯ ತುದಿಯಿಂದ ಹೋಳುಗಳನ್ನು ಚರಂಡಿಯ ಬದಿಗೆ ತಳ್ಳುತ್ತಾ ಬಂದರು. ಹಾಗಾಗಿ ಮನೆ ಸೇರುವುದು ಇನ್ನೂ ತಡವಾಯಿತು.

ದಶಮಿ

ಎದ್ದಿದ್ದೇ ತಡ. ಮೆರವಣಿಗೆ ಮಧ್ಯಾಹ್ನ ಕೋಟೆಯ ಅರಮನೆಯ ಆವರಣದಿಂದ ಹೊರಡುತ್ತದೆ. ಅಂಬಾರಿ ಬೆಳ್ಳಿಯದು, ಆನೆಗಳು ಸಕ್ರೆಬೈಲಿನವು. ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜನೂರು ಅಣೆಕಟ್ಟೆಯ ಹಿನ್ನೀರಿನ ಬದಿಯಲ್ಲಿರುವ ಆ ಬಿಡಾರ ನಗರಕ್ಕೆ ಹದಿನಾಲ್ಕು ಕಿಲೋಮೀಟರು. ಹಾಗಾಗಿ ಇಲ್ಲಿಯ ಜನಕ್ಕೆ ಈ ಆನೆಗಳ ಹೆಸರು, ಸ್ವಭಾವ ಎಲ್ಲ ಗೊತ್ತು. ನನ್ನ ಪಕ್ಕದಲ್ಲಿ ನಿಂತ ಹುಡುಗಿ ಯಾವುದಕ್ಕೆ ಬೆಲ್ಲ ಇಷ್ಟ, ಯಾವುದು ಸ್ನಾನ ಮಾಡಿಸುವಾಗ ತಂಟೆ ಮಾಡುತ್ತದೆ ಎಂದು ಹೇಳುತ್ತಿದ್ದಳು. 2023ರಲ್ಲಿ ಮೆರವಣಿಗೆಗೆಂದು ಬಂದಿದ್ದ ನೇತ್ರಾವತಿ ಎಂಬ ಆನೆ ನಗರದಲ್ಲಿಯೇ ಮರಿ ಹಾಕಿತ್ತು. ಆ ವರ್ಷ ದೇವಿ ವಾಹನದ ಮೇಲೆ ಹೋದಳು. ಆನೆಯಿಲ್ಲದ ಆ ದಸರೆಯನ್ನು ಜನ ಇವತ್ತಿಗೂ ಸಂತೋಷದಿಂದಲೇ ನೆನೆಯುತ್ತಾರೆ, ಬಾಣಂತಿಯ ವಿಚಾರವಾದ್ದರಿಂದ.

ನಗರದ ದೇವರುಗಳೆಲ್ಲ ಪಲ್ಲಕ್ಕಿ, ಟ್ರ್ಯಾಕ್ಟರು, ಹೆಗಲು ಎಂದು ಸಿಕ್ಕಿದ್ದರ ಮೇಲೆ ಹಿಂಬಾಲಿಸಿದರು. ಹಿಂದಿನ ರಾತ್ರಿಯ ವೀರಗಾಸೆಯವರು ಅವರ ನಡುವೆ ಕಾಣಿಸಿದರು. ಬೀದಿಯಲ್ಲಿ ಅವರಿಗೆ ಕೈಸನ್ನೆ ಮಾಡುವವರಿರಲಿಲ್ಲ. ಮೆರವಣಿಗೆ ಗಾಂಧಿಬಜಾರಿನಲ್ಲಿ ಎಲ್ಲೋ ಸಿಕ್ಕಿ ನಿಂತಾಗ ಮುಂದಾಳು ಕತ್ತಿ ಎತ್ತಿದ, ವಾದ್ಯ ನಿಂತಿತು, ಒಡಪು ಶುರುವಾಯಿತು. ಎರಡು ಹೆಜ್ಜೆ ಆಚೆಗಿನ ಬ್ಯಾಂಡಿನ ಗದ್ದಲದಲ್ಲಿ ನನಗೆ ಕೇಳಿಸಿದ್ದು ಅರ್ಧ. ಅತ್ತೆ ಮಾತ್ರ ಹತ್ತಿರ ಹೋಗಿ, ಕೈಯನ್ನು ಕಿವಿಗಿಟ್ಟುಕೊಂಡು, ಪೂರ್ತಿ ಕೇಳಿಕೊಂಡು ಬಂದರು.

ಹಳೆಯ ಜೈಲಿನ ಜಾಗದಲ್ಲಿ ಆಗಿರುವ ಮೈದಾನವನ್ನು ಊರಿನವರು ಇನ್ನೂ ಫ್ರೀಡಂ ಪಾರ್ಕ್ ಎಂದೇ ಕರೆಯುತ್ತಾರೆ. ಈಗ ಅದಕ್ಕೆ ಬಳ್ಳಿಗಾವಿಯ ಅಲ್ಲಮಪ್ರಭುವಿನ ಹೆಸರು. ಕತ್ತಲಾಗುವಾಗ ಅಲ್ಲಿ ತಹಶೀಲ್ದಾರರು ಅಂಬು ಕಡಿದರು, ಜನ ಬನ್ನಿಗೆ ಮುಗಿಬಿದ್ದರು. ಹಿಂದಿನ ರಾತ್ರಿ ಉತ್ತರಕುಮಾರ ಹತ್ತಿದ್ದೂ ಇದೇ ಮರವನ್ನು. ಪಾಂಡವರು ಆಯುಧ ಕಟ್ಟಿಟ್ಟ ಬನ್ನಿ. ಅಪರಿಚಿತರೊಬ್ಬರು ಅತ್ತೆಯ ಕೈಗೆ ನಾಲ್ಕು ಎಲೆ ಇಟ್ಟು, “ಬಂಗಾರ ತಗೊಂಡು ಬಂಗಾರದ ಹಾಗೆ ಇರೋಣ ಟೀಚರ್,” ಎಂದು ಕಾಲಿಗೆ ಎರಗಿದರು. ಹಳೆಯ ವಿದ್ಯಾರ್ಥಿ. ಅತ್ತೆಗೆ ಹೆಸರು ನೆನಪಾಗಲಿಲ್ಲ, ಅಕ್ಷರ ನೆನಪಾಯಿತು: “ನಿನ್ನದು ಕೋಳಿಕಾಲಿನ ಬರಹ ಅಲ್ಲವೇನಪ್ಪಾ?”

ಏಕಾದಶಿ

ಬೆಳಗಿನ ರೈಲಿನಲ್ಲಿ ಸಾಗರಕ್ಕೆ. ಕುಂಸಿ, ಅರಸಾಳು, ಆನಂದಪುರ. ಮಳೆ ತೊಳೆದ ಕಾಡು ಕಿಟಕಿಗೆ ತಾಗುತ್ತಿತ್ತು. ನಾನು ಬಹುಪಾಲು ನಿದ್ದೆ ಮಾಡಿದೆ.

ಸಂಜೆ ಹೆಗ್ಗೋಡಿನಲ್ಲಿ ನಾಟಕ. ನೀನಾಸಂ ಎಂಬ ಮೂರಕ್ಷರದ ಹಿಂದೆ ಇರುವುದು ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. 1949ರಲ್ಲಿ ಊರಿನವರೇ ಹವ್ಯಾಸಕ್ಕೆ ಕಟ್ಟಿಕೊಂಡದ್ದು. ಕೆ. ವಿ. ಸುಬ್ಬಣ್ಣ ಅದನ್ನು ಬೆಳೆಸಿದರು, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಿಂದ ತಿರುಗಾಟ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಿರುಗಾಟದ ಲೆಕ್ಕಾಚಾರ ಉತ್ಸವದ್ದಕ್ಕೆ ಸರಿಯಾಗಿ ಉಲ್ಟಾ: ನಗರ ಹಳ್ಳಿಯ ಕಲೆಯನ್ನು ಲಾರಿಯಲ್ಲಿ ತರಿಸಿಕೊಂಡು ಹತ್ತು ನಿಮಿಷ ಕೊಡುತ್ತದೆ, ಈ ಹಳ್ಳಿ ತನ್ನ ನಾಟಕವನ್ನು ವಾಹನಕ್ಕೆ ಹೇರಿ ಊರೂರಿಗೆ ಕಳಿಸಿ ಪೂರ್ತಿ ಆಡಿಸುತ್ತದೆ.

ಶಿವರಾಮ ಕಾರಂತ ರಂಗಮಂದಿರದಲ್ಲಿ ಹೇಳಿದ ಹೊತ್ತಿಗೆ ದೀಪ ಆರಿತು. ಶಾಲು ಇಲ್ಲ, ಹಾರ ಇಲ್ಲ. ಅತ್ತೆ ಅಭ್ಯಾಸಬಲದಿಂದ ಚಕ್ಕುಲಿಯ ಡಬ್ಬಿ ತೆರೆದವರು ಸದ್ದಿಗೆ ಹೆದರಿ ಮುಚ್ಚಿದರು. ನಾಟಕ ನನಗೆ ಅಷ್ಟೇನೂ ಹಿಡಿಸಲಿಲ್ಲ. ನಟರು ನಿಲ್ಲಬೇಕಾದಲ್ಲಿ ಓಡುತ್ತಿದ್ದರು. ಆದರೆ ಬಿಟ್ಟು ಹೊರಗೆ ಬಂದಾಗ ಹಾಲಿನ ಡೇರಿಯ ಕ್ಯಾನು ಹಿಡಿದಿದ್ದ ಒಬ್ಬರು ಅದೇ ತಕರಾರನ್ನು ನನಗಿಂತ ಚೆನ್ನಾಗಿ, ದೃಶ್ಯದ ಲೆಕ್ಕ ಸಮೇತ ಹೇಳುತ್ತಿದ್ದರು.

ದ್ವಾದಶಿ

ಅತ್ತೆಯ ಜೊತೆ ಕೆಲಸ ಮಾಡಿದ ಟೀಚರಮ್ಮನ ಮನೆಯಲ್ಲಿ ಉಳಿದಿದ್ದೆವು. ಅವರದು ದೀವರ ಮನೆತನ. ಬೆಳಗ್ಗೆ ಎದ್ದು ನೋಡಿದರೆ ಜಗಲಿಯ ತುಂಬ ಬುಟ್ಟಿ. ಭೂಮಿ ಹುಣ್ಣಿಮೆಗೆ ಇನ್ನು ಕೆಲವೇ ದಿನ. ಹೊಡೆ ತುಂಬಿದ ಗದ್ದೆಯೆಂದರೆ ಬಸುರಿ. ಆ ಹುಣ್ಣಿಮೆಯಂದು ಅವಳ ಬಯಕೆ ತೀರಿಸಬೇಕು. ಬೆಳಕು ಹರಿಯುವ ಮೊದಲೇ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ‘ಹಚ್ಚಂಬಲಿ, ಹಾಲಂಬಲಿ’ ಎಂದು ಕೂಗುತ್ತಾ ಚರಗ ಬೀರುತ್ತಾರೆ. ಆ ಬುಟ್ಟಿಯೇ ಭೂಮಣ್ಣಿ ಬುಟ್ಟಿ.

ಟೀಚರಮ್ಮನ ಅತ್ತೆ, ಎಂಬತ್ತರ ಆಸುಪಾಸಿನವರು, ಕೆಮ್ಮಣ್ಣು ಬಳಿದು ಒಣಗಿದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಎಳೆ ಎಳೆಯುತ್ತಿದ್ದರು. ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದು ಕರಿದಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಚಿತ್ತಾರದ ಗುಟ್ಟು ಎಳೆಯಲ್ಲಿದೆ. ಅಳತೆಪಟ್ಟಿ ಇಲ್ಲ, ಗುರುತು ಇಲ್ಲ, ತಪ್ಪಿದರೆ ಅಳಿಸುವಂತಿಲ್ಲ. ಬುಟ್ಟಿಯ ಹೊಟ್ಟೆ ದುಂಡಗಿದ್ದರೂ ಗೆರೆ ನೆಟ್ಟಗೆ ಹೋಗುತ್ತಿತ್ತು. ಕೈ ಆಡುತ್ತಿದ್ದಷ್ಟು ಹೊತ್ತೂ ಹಾಡು ಬಾಯಲ್ಲಿತ್ತು. ಮದುವೆಯ ಹಸೆಗೋಡೆ ಬರೆಯುವಾಗಲೂ ಹೀಗೆಯೇ. ಯಾವ ಗೆರೆ ಏನೆಂದು ಹಾಡು ಹೇಳುತ್ತದಂತೆ. ಇಲ್ಲಿ ನನ್ನ ಸೋದರತ್ತೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು, ಮಾತು ಉಳಿದ ಇನ್ನೊಂದು ಜಾಗ ಸಿಕ್ಕಿತು ಎಂಬಂತೆ.

ಒಳಗಿನ ಗೋಡೆಗೆ ಒರಗಿಸಿದ್ದ ಚೌಕಟ್ಟಿನ ಕಾಗದದ ಚಿತ್ತಾರಗಳು ಸೊಸೆಯವು. ಬೆಂಗಳೂರಿನ ಮೇಳಗಳಲ್ಲಿ ಮಾರಾಟವಾಗುತ್ತವೆ. ಮಗಳ ಕಾಲೇಜಿನ ಶುಲ್ಕ ಅದರಿಂದಲೇ. ಕಾಗದಕ್ಕೆ ಬರೆಯುವಾಗಲೂ ಹಾಡುತ್ತೀರಾ ಎಂದು ಕೇಳಿದೆ. “ಟಿವಿ ಹಾಕಿಕೊಂಡಿರುತ್ತೇನೆ,” ಎಂದು ಟೀಚರಮ್ಮ ನಕ್ಕರು.

ದಸರೆಗೆ ಬಂದು ಪ್ರಾತ್ಯಕ್ಷಿಕೆ ಕೊಡಬೇಕೆಂದು ನಗರದಿಂದ ಅಜ್ಜಿಗೆ ಕರೆ ಬಂದಿತ್ತಂತೆ. ಅಜ್ಜಿ ಹೋಗಲಿಲ್ಲ. “ಬುಟ್ಟಿ ಕಟ್ಟುವುದೂ ಬಳಿಯುವುದೂ ಆ ದಿನಗಳಲ್ಲೇ. ಅಲ್ಲಿ ಹೋಗಿ ಬುಟ್ಟಿ ಬರೆಯುವುದು ಹೇಗೆಂದು ತೋರಿಸುತ್ತಾ ಕುಳಿತರೆ ಇಲ್ಲಿ ಬುಟ್ಟಿ ಬರೆಯುವವರು ಯಾರು?” ಎಂದರು. ದೀಪಾವಳಿ ಕಳೆದ ಮೇಲೆ ಕರೆದರೆ ನೋಡೋಣ ಎಂದು ಹೇಳಿ ಕಳಿಸಿದ್ದರು. ಆಮೇಲೆ ಯಾರೂ ಕರೆಯಲಿಲ್ಲ; ಉತ್ಸವಕ್ಕೂ ಅದರದೇ ಪಂಚಾಂಗ ಇದೆಯಲ್ಲ.

ಮಧ್ಯಾಹ್ನ ಊಟಕ್ಕೆ ಬಾಳೆದಿಂಡಿನ ಪಲ್ಯ, ಒಂದೆಲಗದ ತಂಬುಳಿ, ಅಪ್ಪೆಮಿಡಿ. ಊಟದ ನಡುವೆ ಅಜ್ಜಿ ಹುಣ್ಣಿಮೆಯವರೆಗೆ ಇದ್ದು ಗದ್ದೆಗೆ ಬನ್ನಿ ಎಂದರು. ನನ್ನ ರಜೆ ಮುಗಿದಿತ್ತು. ಅತ್ತೆ ಅನ್ನಕ್ಕೆ ಇನ್ನೊಂದು ಸೌಟು ತಂಬುಳಿ ಹಾಕಿಸಿಕೊಂಡು, “ರಜೆ ಮುಗಿದದ್ದು ನಿನಗೆ. ನಾನು ನಿವೃತ್ತಳು,” ಎಂದು ಸೆರಗಿನ ಗಂಟಿನಿಂದ ಮನೆಯ ಬೀಗದಕೈ ಬಿಚ್ಚಿ ನನ್ನ ಕೈಗೆ ಕೊಟ್ಟರು. ಹಾಲಿನವನಿಗೆ ಹೇಳಬೇಕು, ತುಳಸಿಗೆ ನೀರು ಹಾಕಿ ಹೊರಡಬೇಕು, ಬೀಗದಕೈಯನ್ನು ಪಕ್ಕದ ಮನೆಯಲ್ಲಿ ಕೊಡಬೇಕು, ಮೇಜಿನ ಮೇಲಿನ ಆಮಂತ್ರಣ ಪತ್ರಿಕೆಯನ್ನು ಬಿಸಾಡಬಾರದು. ಅದರ ಹಿಂಬದಿ ಖಾಲಿ ಇದೆ, ಹಾಲಿನ ಲೆಕ್ಕ ಬರೆಯಲು ಬೇಕು.